ನೀಲಿ ಬೀಳದ ಹಾಳೆ

ಕಾಗದ ಕತ್ತರಿಸುವ ಮಷೀನಿನ ಮುಂದೆ ಮೂವತ್ತೊಂದು ವರ್ಷ ನಿಂತವನ ಕೈಯಲ್ಲಿ ಹತ್ತೂ ಬೆರಳು ಉಳಿದಿವೆ ಎಂದರೆ ಅವನು ಒಂದೋ ಪುಣ್ಯವಂತನಾಗಿರಬೇಕು, ಇಲ್ಲ ಮಾತಾಡದವನಾಗಿರಬೇಕು. ಇವನು ಮಾತಾಡದವನು. ಇವನಿಗಿಂತ ಮುಂಚೆ ಆ ಮಷೀನಿಗೆ ನಿಲ್ಲುತ್ತಿದ್ದವನು ಭಾರಿ ಮಾತುಗಾರ. ಒಂದು ಬೆಳಿಗ್ಗೆ ಏನೋ ನಗೆಯ ಮಾತು ಹೇಳುತ್ತ ಹೇಳುತ್ತ, ಅದರ ಕೊನೆಗೆ ಬರುವಷ್ಟರಲ್ಲಿ ಎರಡು ಬೆರಳು ಕಳೆದುಕೊಂಡ. ಆ ನಗೆಮಾತಿನ ಕೊನೆ ಏನೆಂದು ಪ್ರೆಸ್ಸಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅವತ್ತು ಹಾಳೆಯ ಮೇಲಿನ ರಕ್ತ ಒರೆಸಿದವನು ಇವನೇ. ಆಗ ಇಪ್ಪತ್ತೆರಡು ವರ್ಷ. ಮಾರನೆಯ ದಿನದಿಂದ ಆ ಜಾಗಕ್ಕೆ ಇವನನ್ನು ನಿಲ್ಲಿಸಿದರು. ಇವನು ಬಾಯಿಗೆ ಬೀಗ ಹಾಕಿ ನಿಂತ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಶುರು ಮಾಡುತ್ತಿದ್ದ, ಅಷ್ಟರಲ್ಲಿ ಅಲಗಿನ ಕಡೆ ಕಣ್ಣು ಹೋಗುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. "ಅರ್ಧಮಾತು" ಎಂದು ಹೆಸರಿಟ್ಟರು. ಹೊಸದಾಗಿ ಕೆಲಸಕ್ಕೆ ಬಂದವರು ಅದೇ ಅವನ ಹೆಸರೆಂದು ತಿಳಿದು "ಅರ್ಧಮಾತಣ್ಣ" ಅನ್ನುತ್ತಿದ್ದರು. ಅವನು ಬೇಡ ಅನ್ನಲಿಲ್ಲ. ಅನ್ನಬೇಕಾದರೆ ಮಾತಾಡಬೇಕಲ್ಲ.

ಹೆಂಡತಿಯದು ಅದೇ ಪ್ರೆಸ್ಸಿನಲ್ಲಿ ಮಡಿಸುವ ಕೆಲಸ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ಕೂತು, ಒಂದು ಚಪ್ಪಟೆ ಪಟ್ಟಿಯಿಂದ ಉಜ್ಜಿ ಉಜ್ಜಿ ಹಾಳೆ ಮಡಿಸುತ್ತಿದ್ದರು. ಅಲ್ಲಿ ಮಾತಿಗೆ ಬರ ಇರಲಿಲ್ಲ, ಪಟ್ಟಿ ಬೆರಳು ಕಡಿಯುವುದಿಲ್ಲ. ಅವಳು ಹದಿನೆಂಟು ವರ್ಷ ಅಲ್ಲಿ ಕೂತಳು. ಮನೆಯಲ್ಲೂ ಇಬ್ಬರಿಗಾಗುವಷ್ಟು ಮಾತು ಅವಳೇ ಆಡುತ್ತಿದ್ದಳು. ಮಕ್ಕಳಿರಲಿಲ್ಲ. ಸಂಜೆ ಒಂದೇ ಕೋಣೆ, ಒಂದೇ ದೀಪ, ಒಬ್ಬರದೇ ದನಿ.

ಅವಳು ಮಡಿಸಿದ್ದರಲ್ಲಿ ಹೆಚ್ಚಿನದು ಒಂದೇ ಹಾಳೆ. ದೇಶದ ಅಂಚಿನಲ್ಲಿ ಒಂದು ದೊಡ್ಡ ರಾಷ್ಟ್ರೀಯ ಉದ್ಯಾನ ಇದೆಯಲ್ಲ, ಅದರ ನಕ್ಷೆ. ವರ್ಷಕ್ಕೊಂದು ಸಲ ಸಾವಿರಗಟ್ಟಲೆ ಅಚ್ಚಾಗುತ್ತಿತ್ತು. ಪೂರ್ತಿ ಬಿಚ್ಚಿದರೆ ಒಂದು ಮೇಜಿನಷ್ಟು, ಮಡಿಸಿದರೆ ಅಂಗಿಯ ಜೇಬಿನಷ್ಟು. ಮಡಿಸಿದ ಮೇಲೆ ಮೇಲ್ಗಡೆ ಒಂದು ಜಿಂಕೆಯ ಮುಖ ಬರಬೇಕು, ಕಿವಿ ಮಡಿಕೆಗೆ ಸಿಕ್ಕಬಾರದು. ಸಿಕ್ಕಿದರೆ ಮೇಲ್ವಿಚಾರಕಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರಮ್ಮ, ಇವಳು ಜಿಂಕೆ ಕಿವಿ ಹಿಂಡಿದಾಳೆ" ಅನ್ನುತ್ತಿದ್ದಳು.

ಒಂದು ವರ್ಷ ಮಡಿಸುವ ಮಷೀನು ಬಂತು. ಮೇಜು ಹೋಯಿತು, ಹೆಂಗಸರೂ ಹೋದರು. ಅವಳು ಮನೆಯಲ್ಲಿ ಕೂತ ನಾಲ್ಕನೇ ವರ್ಷಕ್ಕೆ ಎದೆಯ ರೋಗ ಕಾಣಿಸಿಕೊಂಡಿತು. ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಮೈಯಲ್ಲಿಲ್ಲ ಎಂದರು ಡಾಕ್ಟರು. ಏರು ಹತ್ತಬಾರದು. ಕುಲುಕುವ ಗಾಡಿಯಲ್ಲಿ ಕೂರಬಾರದು. ಸಮ ನೆಲದ ಮೇಲೆ ನಿಧಾನಕ್ಕೆ, ಕೂತು ಎದ್ದು, ಸ್ವಲ್ಪ ನಡೆಯಬಹುದು. ಅವಳನ್ನು ಹೊರಗೆ ಕಳಿಸಿ ಅವನೊಬ್ಬನಿಗೇ ಇನ್ನೊಂದು ಮಾತು ಹೇಳಿದರು: "ಅವರಿಗೆ ಏನಾದ್ರೂ ಆಸೆ ಇದ್ರೆ ಈ ವರ್ಷವೇ ಮಾಡಿಬಿಡಿ."

ಮನೆಗೆ ಬಂದು ಅವನು ಕೇಳಿದ, "ನಿನಗೆ ಏನಾದ್ರೂ..."

ಅವಳಿಗೆ ಅರ್ಧ ಸಾಕಿತ್ತು. "ಡಾಕ್ಟರು ಹೇಳಿದ್ರಾ? ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ" ಎಂದಳು. ಆಮೇಲೆ, "ಆ ಜಿಂಕೆ ಹದಿನೆಂಟು ವರ್ಷ ನನ್ನ ಮುಖ ನೋಡಿದೆ ಕಣ್ರೀ. ಒಂದು ಸಲ ನಾನೂ ಹೋಗಿ ಅದರ ಮುಖ ನೋಡಿ ಬರೋದು ಬೇಡವಾ?" ಎಂದಳು.

ತಮಾಷೆಗೆ ಅಂದಳೋ ನಿಜವಾಗಿ ಅಂದಳೋ ಅವನಿಗೆ ತಿಳಿಯಲಿಲ್ಲ. ಎದ್ದು ಅಡುಗೆಮನೆಗೆ ಹೋದ. ಪಾತ್ರೆ ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಟ್ಟು, ಹಲಗೆಗೆ ಹಾಸಿದ್ದ ಹಾಳೆಯನ್ನು ಎಳೆದು ತಂದ. ಪ್ರೆಸ್ಸಿನವರ ಮನೆಗಳಲ್ಲಿ ಹಲಗೆಗೆ ಹಾಸಲು, ಪುಸ್ತಕಕ್ಕೆ ಹೊದಿಸಲು ಯಾರೂ ಕಾಗದ ಕೊಳ್ಳುವುದಿಲ್ಲ. ಅಚ್ಚಿನಲ್ಲಿ ಕೆಟ್ಟ ಹಾಳೆಗಳೇ ಸಾಕು. ಅದೂ ಹಾಗೆ ಬಂದ ಹಾಳೆ. ಅದೇ ನಕ್ಷೆ, ಮೂಲೆಯಲ್ಲಿ ಸ್ವಲ್ಪ ಮಸಿ ಮೆತ್ತಿಕೊಂಡಿತ್ತು ಎಂದು ತೆಗೆದು ಹಾಕಿದ್ದು. ಒಂದು ಕಡೆ ಎಣ್ಣೆ ಡಬ್ಬಿಯ ದುಂಡು ಗುರುತು ಕೂತಿತ್ತು.

ಅವನು ಅದನ್ನು ಮಂಚದ ಮೇಲೆ ಹರಡಿದ. ಅವಳು ಹಾಳೆ ನೋಡಿದಳು, ಗಂಡನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

ಅವತ್ತಿನಿಂದ ಅವನಿಗೆ ಏನಾಯಿತೋ. ಕೆಲಸ ಮುಗಿಸಿ ಬಂದವನೇ ಕೈಕಾಲು ತೊಳೆದು ಹಾಳೆಯ ಮುಂದೆ ಕೂರುತ್ತಿದ್ದ. ಬಾಯಲ್ಲಿ ಮಾತು ಬರುತ್ತಿತ್ತು. ಅರ್ಧ ಅಲ್ಲ, ಪೂರ್ತಿ.

"ನೋಡು, ಒಂದು ಬೆರಳಗಲಕ್ಕೆ ಒಂದು ಕಿಲೋಮೀಟರ್. ಗೇಟಿನವರೆಗೆ ಟಾರು ರಸ್ತೆ, ಬಸ್ಸು ಕುಲುಕಲ್ಲ, ಈ ಗೇಟಿಗೇ ಬಿಡುತ್ತೆ. ಗೇಟಲ್ಲಿ ಬೆಂಚಿದೆ, ಗುರುತು ಹಾಕಿದಾರೆ. ಅಲ್ಲಿ ಅರ್ಧ ಗಂಟೆ ಕೂತ್ಕೊ. ಇದು ವೀಕ್ಷಣಾ ಗೋಪುರ. ಜಿಂಕೆ ಹಿಂಡು ಹಿಂಡಾಗಿ ಮೇಯೋ ಬಯಲು ಇದರ ಮುಂದೇನೇ ಇರೋದು. ಮೇಲೆ ಹತ್ತೋದು ಬೇಡ, ಬುಡದಲ್ಲಿ ಕೂತ್ರೂ ಕಾಣುತ್ತೆ."

"ಅವು ಬರದಿದ್ರೆ?"

"ಕಾಯೋಣ. ಅವಕ್ಕೇನು ಬಸ್ ಹಿಡಿಯೋದಿದೆಯಾ?"

ಅವಳು ಅವನನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಗಂಡನ ಬಾಯಿಂದ ಒಂದು ತಮಾಷೆ ಮಾತು ಬಂದಿತ್ತು.

ಗೇಟಿನಿಂದ ಗೋಪುರಕ್ಕೆ ಗಾಡಿ ರಸ್ತೆಯೂ ಇತ್ತು. ಅದು ಹಾಳೆಯ ಮೇಲ್ತುದಿಯವರೆಗೆ ಹೋಗಿ, ಸುತ್ತಿ ಬಳಸಿ, ಮತ್ತೆ ಕೆಳಗಿಳಿದು ಬರುತ್ತಿತ್ತು. ಕಲ್ಲುರಸ್ತೆ, ಉದ್ಯಾನದ ಗಾಡಿಯಲ್ಲಿ ಮೂರು ಗಂಟೆ. ಆ ಕುಲುಕಾಟಕ್ಕೆ ಇವಳ ಎದೆ ತಡೆಯುವುದಿಲ್ಲ. ಆದರೆ ಕೆಂಪು ಚುಕ್ಕಿಗಳ ಒಂದು ಕಾಲುದಾರಿ ಗೇಟಿನಿಂದ ನೇರ ಗೋಪುರದ ಕಡೆಗೇ ಹೋಗಿತ್ತು. ಗೋಪುರದಿಂದಲೂ ಅಂಥದೇ ಒಂದು ದಾರಿ ಇತ್ತ ಬಂದಿತ್ತು. ಎರಡೂ ಸೇರಿ ಒಂದೂವರೆ ಬೆರಳು. ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾತ್ರ ಚುಕ್ಕಿ ಇರಲಿಲ್ಲ, ಬರೀ ಹಸಿರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಬೆರಳಿಟ್ಟು ಇದೇಕೆ ಹೀಗೆ ಎಂದು ಕೇಳುತ್ತಿದ್ದರು. ಅವನು ಪ್ರೆಸ್ಸಿನವನು. ಕೆಟ್ಟ ಹಾಳೆಯಲ್ಲಿ ಬಣ್ಣ ಅಲ್ಲಲ್ಲಿ ಹತ್ತದೆ ಹೋಗುವುದು ಅವನಿಗೆ ಗೊತ್ತು. "ಇಲ್ಲಿ ಕೆಂಪು ಹಿಡಿದಿಲ್ಲ, ಅಷ್ಟೇ" ಎಂದು ಕೆಂಪು ಪೆನ್ನು ತಂದು, ಅಳೆದು, ಐದು ಚುಕ್ಕಿ ಇಟ್ಟು ಎರಡು ದಾರಿಯನ್ನೂ ಕೂಡಿಸಿದ.

"ಮತ್ತೆ ರಸ್ತೆ ಯಾಕೆ ಅಷ್ಟೊಂದು ಸುತ್ತು ಹಾಕಿದೆ?" ಎಂದಳು ಅವಳು, ಮೆಲ್ಲಗೆ.

"ಕಂಟ್ರಾಕ್ಟರು ಮಾಡಿರೋ ರಸ್ತೆ. ಉದ್ದ ಆದಷ್ಟೂ ಅವನ ಹೊಟ್ಟೆ ದಪ್ಪ."

"ಬಾಯಾರಿಕೆ ಆದ್ರೆ?"

ಅವನು ಎಣ್ಣೆ ಡಬ್ಬಿಯ ಗುರುತಿನ ಮೇಲೆ ಬೆರಳಿಟ್ಟ. "ಇಲ್ಲಿ ಕೆರೆ ಇದೆಯಲ್ಲ."

ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕಣ್ಣಲ್ಲಿ ಬಂದ ನೀರನ್ನು ಸೆರಗಿನಿಂದ ಒರೆಸಿಕೊಂಡಳು.

ಒಂದೂವರೆ ಕಿಲೋಮೀಟರು ನಡೆಯುವುದಕ್ಕೆ ಅಭ್ಯಾಸ ಬೇಕಲ್ಲ. ಅವರ ಬೀದಿಯ ನಲ್ಲಿಕಟ್ಟೆಯಿಂದ ಅಂಚೆ ಕಚೇರಿಗೆ ಮುನ್ನೂರು ಹೆಜ್ಜೆ. ಅವನು ಒಂದು ಮಡಿಸುವ ಸ್ಟೂಲು ಮಾಡಿದ. ನಾಲ್ಕು ಮರದ ಕಾಲು, ಮೇಲೆ ಹೊಲಿದ ದಪ್ಪ ಬಟ್ಟೆ. ಸಂಜೆ ಅದನ್ನು ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದು ಬೀದಿಗೆ ಇಳಿಯುತ್ತಿದ್ದ. ನೂರು ಹೆಜ್ಜೆಗೊಂದು ಸಲ ಸ್ಟೂಲು ಬಿಚ್ಚಿ ಕೂರಿಸುವನು. ಬೀದಿಯ ಜನ ನೋಡಿದರು, ಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟರು. ಮೊದಲ ವಾರ ಅಂಚೆ ಕಚೇರಿ ಮುಟ್ಟಿದಳು. ಮೂರನೇ ವಾರ ಹೋಗಿ ಬಂದು, ಮತ್ತೆ ಹೋದಳು. ಅವನು ಗೋಡೆಯ ಮೇಲೆ ಹೆಜ್ಜೆಯ ಲೆಕ್ಕ ಗೀಚುತ್ತಿದ್ದ.

ಅವಳ ಅಕ್ಕ ನೋಡಲು ಬಂದವಳು ಗೋಡೆ ನೋಡಿ ಹಣೆ ಚಚ್ಚಿಕೊಂಡಳು.

"ನಿನಗೆ ಬುದ್ಧಿ ಇದೆಯೇನೇ? ಬಾಗಿಲಿಗೆ ಬರೋಕೆ ಏದುಸಿರು ಬಿಡ್ತೀಯ, ಕಾಡಿಗೆ ಹೋಗ್ತಾಳಂತೆ ಕಾಡಿಗೆ! ದೂರದ ಬೆಟ್ಟ ನುಣ್ಣಗೆ."

"ನಾವು ಬೆಟ್ಟಕ್ಕೆ ಹೋಗ್ತಿಲ್ಲ ಕಣಕ್ಕ. ಅಲ್ಲೆಲ್ಲ ಸಮ."

"ಇವರಾದ್ರೂ ಬೇಡ ಅನ್ನಬಾರದಾ? ಅಲ್ಲ, ಇವರು ಯಾವತ್ತು ಬಾಯಿ ಬಿಟ್ಟಿದಾರೆ!"

"ಈಗ ಬಿಡ್ತಾರೆ" ಎಂದಳು ಅವಳು. ಅಷ್ಟೇ ಹೇಳಿದಳು. ಅಕ್ಕ ಹೋಗುವಾಗ ತನ್ನ ಉಣ್ಣೆಯ ಸ್ವೆಟರು ಬಿಚ್ಚಿ ಮಂಚದ ಮೇಲಿಟ್ಟು, "ಕಾಡಲ್ಲಿ ಚಳಿ ಇರುತ್ತೆ, ಹಾಕ್ಕೊಂಡು ಸಾಯಿ" ಎಂದು ಬೈದು ಹೋದಳು.

ಗೋಪುರಕ್ಕೆ ದಿನಕ್ಕೆ ಇಪ್ಪತ್ತು ಜನರಿಗೆ ಮಾತ್ರ ಪರವಾನಗಿ. ಅವನು ಅರ್ಜಿ ಹಾಕಿ ಎರಡು ತಿಂಗಳು ಕಾದ. ಬಂತು. ಇಬ್ಬರಿಗೆ, ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆಯಿಂದ. ಆ ಕಾಗದವನ್ನು ಅವಳು ದಿಂಬಿನ ಕೆಳಗೆ ಇಟ್ಟುಕೊಂಡಳು. ಇನ್ನು ಹನ್ನೆರಡು ದಿನ.

ಮಂಚದಗಲದ ಹಾಳೆಯನ್ನು ಕಾಡಿನಲ್ಲಿ ಹಿಡಿದುಕೊಂಡು ನಡೆಯಲಾಗುತ್ತದೆಯೇ? ನಾಲ್ಕು ಕಡೆ ಅಂಚು ತೆಗೆದು ಕೊಟ್ಟರೆ ಜೇಬಿಗೆ ಹಿಡಿಯುವ ಹಾಗೆ ಅವಳು ಮಡಿಸುತ್ತಾಳೆ ಎಂದು ಅವನು ಅದನ್ನು ಸುರುಳಿ ಸುತ್ತಿ ಪ್ರೆಸ್ಸಿಗೆ ಒಯ್ದ. ಊಟದ ಬಿಡುವಿನಲ್ಲಿ ಕಟಿಂಗ್ ಮಷೀನಿನ ಮೇಲೆ ಹರಡಿದ. ಬಣ್ಣದ ಮಷೀನು ನಡೆಸುವವನು ಕೈಯ ಮಸಿ ಒರೆಸಿಕೊಳ್ಳುತ್ತ ಬಂದು ಇಣುಕಿದ.

"ಅರ್ಧಮಾತಣ್ಣ, ಇದ್ಯಾವ ಕಾಲದ ವೇಸ್ಟ್ ಶೀಟು? ನದೀನ ಯಾರು ಕುಡಿದ್ರು?"

"ಯಾವ ನದಿ..."

"ನೀಲಿ ಬಿದ್ದೇ ಇಲ್ಲವಲ್ಲಣ್ಣ ಇದಕ್ಕೆ. ಕಪ್ಪು ಬಿದ್ದಿದೆ, ಕೆಂಪು ಬಿದ್ದಿದೆ, ಹಸಿರು ಬಿದ್ದಿದೆ. ನೀಲಿ ಕೊನೆಗೆ ಹೊಡೀತೀವಿ. ಅದಕ್ಕೆ ಮುಂಚೇನೇ ಮಸಿ ಮೆತ್ತಿದೆ ಅಂತ ತೆಗೆದು ಹಾಕಿದೀವಿ ಇದನ್ನ." ಅವನು ಗೋಡೆಗೆ ಅಂಟಿಸಿದ್ದ ಮಾದರಿ ಹಾಳೆಯ ಕಡೆ ಗದ್ದ ಎತ್ತಿ ತೋರಿಸಿದ. "ಅಲ್ಲಿ ನೋಡು, ಆನೆ ಮಲಗಿದ ಹಾಗಿದೆ ನದಿ."

ಇತ್ತು. ಹಾಳೆಯ ಮೇಲಿನಿಂದ ಕೆಳಗಿನವರೆಗೆ, ಗೇಟಿಗೂ ಗೋಪುರಕ್ಕೂ ನಡುವೆ. ಈ ಕಡೆಯ ಕೆಂಪು ದಾರಿ ಒಂದು ದಡಕ್ಕೆ ಬಂದು ನಿಂತಿತ್ತು, ಆ ಕಡೆಯದು ಇನ್ನೊಂದು ದಡಕ್ಕೆ. ಅಕ್ಕಿಕಾಳಿನಷ್ಟು ಜಾಗ ಪೂರ್ತಿ ನೀರು. ಸೇತುವೆ ಇದ್ದದ್ದು ಹಾಳೆಯ ಮೇಲ್ತುದಿಯಲ್ಲಿ, ಗಾಡಿ ರಸ್ತೆ ಸುತ್ತು ಹಾಕುವ ಕಡೆ.

ಮೂವತ್ತೊಂದು ವರ್ಷ ಅವನು ಆ ನದಿಯನ್ನು ಸಾವಿರಾರು ಸಲ ಅಲಗಿನ ಕೆಳಗೆ ಇಟ್ಟಿದ್ದ. ಆದರೆ ಕತ್ತರಿಸುವವನು ಚಿತ್ರ ನೋಡುವುದಿಲ್ಲ, ಅಂಚಿನ ಗುರುತು ನೋಡುತ್ತಾನೆ. ಚಿತ್ರ ನೋಡಿದವನ ಬೆರಳು ಹೋಗುತ್ತದೆ.

"ಈ ಚುಕ್ಕಿ ಇಟ್ಟ ಪುಣ್ಯಾತ್ಮ ಯಾರು? ನೀರಿನ ಮೇಲೆ ನಡೆಯೋನಾ?" ಎಂದು ಮಷೀನಿನವನು ನಕ್ಕ. ಇವನ ಮುಖ ನೋಡಿ ನಗು ನುಂಗಿಕೊಂಡ. "ಏನಾಯ್ತಣ್ಣ?"

"ಏನಿಲ್ಲ" ಎಂದು ಅವನು ಹಾಳೆ ಸುತ್ತಿಕೊಂಡ. ಪ್ರೂಫ್ ತಿದ್ದುವ ಮೇಜಿನಿಂದ ಒಂದು ನೀಲಿ ಪೆನ್ಸಿಲು ಕೇಳಿ ಪಡೆದು ಜೇಬಿಗೆ ಹಾಕಿಕೊಂಡ.

ಅವತ್ತು ಸಂಜೆ ಅವಳು ಸ್ವೆಟರು ಹಾಕಿಕೊಂಡು, ಕೂದಲು ಬಾಚಿ, ಬೀದಿಗೆ ಇಳಿಯಲು ಸಿದ್ಧವಾಗಿ ಕೂತಿದ್ದಳು. ಅವನು ಸ್ಟೂಲು ಮುಟ್ಟಲಿಲ್ಲ. ಹಾಳೆ ಬಿಚ್ಚಿ ನೆಲದ ಮೇಲೆ ಹಾಸಿ, ಅವಳಿಗೆ ಬೆನ್ನು ಮಾಡಿ ಕೂತ. ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದ, ಮಾತು ಕೂಡಿರಲಿಲ್ಲ. ಅದಕ್ಕೇ ಪೆನ್ಸಿಲು ತೆಗೆದು ಗೆರೆ ಎಳೆಯತೊಡಗಿದ. ನೂಲಿನಷ್ಟು ತೆಳ್ಳನೆಯ ಗೆರೆ. ಸೀರೆ ಸ್ವಲ್ಪ ಎತ್ತಿಕೊಂಡರೆ ದಾಟಬಹುದು ಅನ್ನಿಸುವಂಥ ನದಿ.

ಬೆನ್ನ ಹಿಂದೆ ಅವಳ ಉಸಿರು ಕೇಳಿಸಿತು. ಬಗ್ಗಿ ನೋಡುತ್ತಿದ್ದಳು.

"ಅಷ್ಟು ತೆಳ್ಳಗಿಲ್ಲರೀ ಅದು" ಎಂದಳು.

ಅವನ ಕೈ ನಿಂತಿತು.

ಅವಳು ಮಂಚದ ಕಾಲು ಹಿಡಿದುಕೊಂಡು ನಿಧಾನಕ್ಕೆ ಅವನ ಪಕ್ಕ ಕೂತಳು. ಅವನ ಬೆರಳುಗಳ ನಡುವಿನಿಂದ ಪೆನ್ಸಿಲು ತೆಗೆದುಕೊಂಡಳು. "ಇಲ್ಲಿ ಅಗಲ. ಇಲ್ಲಿ ಇನ್ನೂ ಅಗಲ. ಮೂರನೇ ಮಡಿಕೆ ಇಲ್ಲೇ ಬರ್ತಿತ್ತು, ನೀಲಿ ಮೇಲೆ. ದಪ್ಪ ಬಣ್ಣ ನೋಡಿ, ಜೋರಾಗಿ ಉಜ್ಜಿದ್ರೆ ಬಿರುಕು ಬಿಡ್ತಿತ್ತು. ಹಗುರಾಗಿ ಉಜ್ಜಬೇಕು. ಇಲ್ಲೊಂದು ನಡುಗಡ್ಡೆ ಇದೆ, ಹುರುಳಿಕಾಳಿನಷ್ಟು." ಹೇಳುತ್ತ ಹೇಳುತ್ತ ಅವಳು ಮೇಲಿನಿಂದ ಕೆಳಗಿನವರೆಗೆ ನೀಲಿ ತುಂಬಿದಳು. ಅವನ ಐದು ಕೆಂಪು ಚುಕ್ಕಿ ನೀರೊಳಗೆ ಹೋದವು.

"ಗೊತ್ತಿತ್ತಾ?" ಎಂದ ಅವನು.

"ಗೊತ್ತಿತ್ತು."

"ಮೊದಲೇ ಯಾಕೆ..."

"ಮೊದಲೇ ಹೇಳಿದ್ರೆ ನೀವು ಅವತ್ತೇ ಬಾಯಿ ಮುಚ್ಚಿಬಿಡ್ತಿದ್ರಿ." ಅವಳು ಪೆನ್ಸಿಲು ಕೆಳಗಿಟ್ಟಳು. "ಇಪ್ಪತ್ತಾರು ವರ್ಷ ಗೋಡೆ ಜೊತೆ ಮಾತಾಡಿದ ಹಾಗೆ ಮಾತಾಡಿದೀನಿ. ನಾಲ್ಕು ತಿಂಗಳು ನೀವು ಮಾತಾಡಿದ್ರಿ. ನಡುವೆ ನದಿ ತರೋಕೆ ಮನಸ್ಸು ಬರಲಿಲ್ಲ."

ಅವನಿಗೆ ಸಿಟ್ಟು ಬಂತೋ ದುಃಖ ಬಂತೋ, ಅವನಿಗೇ ಗೊತ್ತಾಗಲಿಲ್ಲ. ಅಂಚೆ ಕಚೇರಿಯವರೆಗೆ ಅವಳನ್ನು ದಿನಾ ನಡೆಸಿದ್ದೆನಲ್ಲ, ಸಂಜೆ ಸಂಜೆಯೂ ಅವಳ ಕಾಲು ಊದಿಕೊಳ್ಳುತ್ತಿದ್ದದ್ದು ಎಲ್ಲಿಯೂ ಸೇರದ ದಾರಿಗಾಗಿಯೇ ಎಂದು ಯೋಚಿಸಿದ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಕೂತ್ರೆ ಆಗುತ್ತೇನ್ರೀ?" ಎಂದಳು ಅವಳೇ. "ಈ ದಡದವರೆಗೆ ಹೋಗೋಣ. ಮುಕ್ಕಾಲು ಕಿಲೋಮೀಟರು, ಅಂಚೆ ಕಚೇರಿಗೆ ಎರಡು ಸಲ ಹೋಗಿ ಬಂದ ಹಾಗೆ. ಸಂಜೆ ಜಿಂಕೆ ನೀರಿಗೆ ಬರಲ್ವಾ? ಆ ಕಡೆ ದಡದಲ್ಲಿ ಕಾಣುತ್ತೆ."

ಅವನು ತಲೆ ಆಡಿಸಿದ.

ಆದರೆ ಅವತ್ತು ಮುಚ್ಚಿದ ಬಾಯಿ ಮತ್ತೆ ಸರಿಯಾಗಿ ತೆರೆಯಲಿಲ್ಲ. ಸಂಜೆ ಬಂದರೆ ಹಾಳೆಯ ಮುಂದೆ ಕೂರುತ್ತಿದ್ದ, ದಡಕ್ಕೆ ಬೆರಳಿಡುತ್ತಿದ್ದ, "ಇಲ್ಲಿವರೆಗೆ" ಅನ್ನುತ್ತಿದ್ದ. ಅವಳೇ ಮುಂದುವರಿಸುತ್ತಿದ್ದಳು. ಐದನೇ ದಿನಕ್ಕೆ ಅವಳಿಗೂ ಮಾತಿಗೆ ಉಸಿರು ಸಾಲದಾಯಿತು. ಆರನೇ ದಿನ ಆಸ್ಪತ್ರೆಗೆ ಸೇರಿಸಿದರು.

ಹನ್ನೆರಡು ಮಂಚದ ವಾರ್ಡು. ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು, ಮೂರು ದಿಂಬಿಗೆ ಒರಗಿಸಿ ಕೂರಿಸಿದ್ದರು. ನೋಡಲು ಬಂದವರಿಗೆ ಕುರ್ಚಿ ಇರಲಿಲ್ಲ. ಅವನು ಮನೆಯಿಂದ ಆ ಮಡಿಸುವ ಸ್ಟೂಲು ತಂದು ಅದರ ಮೇಲೆ ಕೂತ. ಮಧ್ಯೆ ಒಂದು ಸಲ ಅವಳು ಕಣ್ಣು ತೆರೆದು, "ನನಗೆ ಅಂತ ಮಾಡಿದ್ದು, ನೀವು ಕೂತಿದೀರಾ" ಎಂದಳು. ನಗಲು ನೋಡಿದಳು.

ಶನಿವಾರ ಬಂತು. ವಾರ್ಡಿನ ಬಾಗಿಲ ಮೇಲೆ ಗಡಿಯಾರ ಇತ್ತು. ಅವನು ಅದನ್ನು ನೋಡುತ್ತಿದ್ದುದನ್ನು ಅವಳು ನೋಡಿದಳು.

"ಗಂಟೆ ಎಷ್ಟು?"

"ಹತ್ತು."

ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಂಡೇ ಕೇಳಿದಳು, "ಬಸ್ ಇಳಿದ್ವಾ?"

ಇಳಿದ್ವಿ ಎಂದಿದ್ದರೆ ಸಾಕಿತ್ತು. ಗೇಟಲ್ಲಿ ಬೆಂಚಿದೆ, ಕೂತ್ಕೊ ಎಂದಿದ್ದರೆ ಸಾಕಿತ್ತು. ನಾಲ್ಕು ತಿಂಗಳು ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕಿತ್ತು, ಅಷ್ಟೇ. ಅವನು ಬಾಯಿ ತೆರೆದ. ಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಾರೆ ಅನ್ನಿಸಿತು. ಇಲ್ಲದ್ದನ್ನು ಇದೆ ಎಂದು ಹೇಗೆ ಹೇಳುವುದು ಅನ್ನಿಸಿತು.

"ನಾವು ಹೋಗಲಿಲ್ಲವಲ್ಲ" ಎಂದ.

ಅವಳು ಕಣ್ಣು ತೆರೆದಳು. "ಹೌದಲ್ವಾ" ಎಂದಳು. ಆಮೇಲೆ ನೀರು ಬೇಕು ಎಂದಳು. ಅವನು ಕುಡಿಸಿದ.

ಮಂಗಳವಾರ ಬೆಳಿಗ್ಗೆ ಅವಳು ಹೋದಳು.

ಅಕ್ಕ ಬಂದು ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲ ಎತ್ತಿಡಿಸಿದಳು. ಸ್ವೆಟರು ಹಿಂದಕ್ಕೆ ಒಯ್ಯಲಿಲ್ಲ. ಗೋಡೆಯ ಮೇಲಿನ ಹೆಜ್ಜೆಯ ಲೆಕ್ಕಕ್ಕೆ ಸುಣ್ಣ ಹೊಡೆಸಲೇ ಎಂದು ಕೇಳಿದಳು. ಅವನು ಬೇಡ ಎಂದು ಕೈ ಮಾಡಿದ. ಹಾಳೆಯನ್ನು ಮಡಿಸಿಡೋಣ ಎಂದು ಕೂತ. ಬರಲಿಲ್ಲ. ಮೂವತ್ತೊಂದು ವರ್ಷ ಕಾಗದದ ನಡುವೆ ಇದ್ದವನಿಗೆ ಒಂದು ನಕ್ಷೆ ಮಡಿಸಲು ಬರಲಿಲ್ಲ. ಪ್ರತಿ ಸಲವೂ ಜಿಂಕೆಯ ಕಿವಿ ಮಡಿಕೆಗೆ ಸಿಕ್ಕುತ್ತಿತ್ತು. ಕೊನೆಗೆ ಸುರುಳಿ ಸುತ್ತಿ ಮಂಚದ ಕೆಳಗೆ ಇಟ್ಟ.

ಮಾರನೆಯ ವರ್ಷ ನಕ್ಷೆ ಮತ್ತೆ ಅಚ್ಚಿಗೆ ಬಂತು. ಅಚ್ಚಾದ ಹಾಳೆಗಳ ಕಟ್ಟು ಅವನ ಮಷೀನಿನ ಪಕ್ಕ ಬಂದು ಕೂತಿತು. ಅವನು ಮೊದಲನೆಯ ಹಾಳೆ ಎತ್ತಿ ಬೆಳಕಿಗೆ ಹಿಡಿದ. ಅಂಚಿನ ಗುರುತು ನೋಡಲಿಲ್ಲ. ನದಿ ನೋಡಿದ. ಅವಳು ಹೇಳಿದ ಕಡೆ ಅಗಲ ಇತ್ತು. ಇನ್ನೊಂದು ಕಡೆ ಇನ್ನೂ ಅಗಲ ಇತ್ತು. ನಡುಗಡ್ಡೆ ಇತ್ತು, ಹುರುಳಿಕಾಳಿನಷ್ಟೇ.

ಕಟ್ಟಿನ ಬದಿಗೆ ಬೇರೆ ಏಳು ಹಾಳೆ ಇದ್ದವು, ನೀಲಿ ಬೀಳದವು.

"ಅಣ್ಣ, ಗಟ್ಟಿ ಕಾಗದ. ಹಲಗೆಗೆ ಹಾಸೋಕೆ ಬೇಕಾ, ಇಲ್ಲ ನಾನು ಒಯ್ಯಲಾ?" ಎಂದು ಮಷೀನಿನವನು ಅತ್ತಲಿಂದ ಕೂಗಿದ.

ಅವನು ಏಳನ್ನೂ ತಟ್ಟಿ ಸಮ ಮಾಡಿ ಅಲಗಿನ ಕೆಳಗೆ ಇಟ್ಟ. ಗುಂಡಿ ಒತ್ತಿದ. ತಿರುಗಿಸಿ ಇಟ್ಟು ಮತ್ತೆ ಒತ್ತಿದ. ಬೆರಳಗಲದ ಪಟ್ಟಿಗಳಾಗುವವರೆಗೆ ಬಿಡಲಿಲ್ಲ.

"ಯಾಕಣ್ಣ, ಅನ್ಯಾಯವಾಗಿ ಹಾಳು ಮಾಡಿದೆ?"

"ನದಿ ಇಲ್ಲದ ನಕ್ಷೆ ಯಾರ ಮನೆಗೂ ಹೋಗೋದು ಬೇಡ" ಎಂದ ಅವನು. ಅಲಗು ಮೇಲೇಳುವ ಸದ್ದಿನಲ್ಲಿ ಮಷೀನಿನವನಿಗೆ ಅದರಲ್ಲಿ ಅರ್ಧ ಮಾತ್ರ ಕೇಳಿಸಿತು.